ಕಾಫಿ ಗಿಡದ ರೋಗವನ್ನು ಎಐ ಹತ್ತಿರ ಕೇಳುವುದು ಹೇಗೆ?

ಮೂಡಿಗೆರೆ ಕಡೆಯ ನಮ್ಮೂರಲ್ಲಿ ಈಗ ಗಿಡಕ್ಕೆ ಏನಾದರೂ ಆದರೆ ಮೊದಲು ಕೇಳುವುದು ಫೋನಿನ ಎಐಯನ್ನು. ಪಕ್ಕದ ತೋಟದವರು ಕಳೆದ ಮಳೆಗಾಲದಲ್ಲಿ ಹಾಗೇ ಕೇಳಿದರು. 'ಸಾರಜನಕ ಕಡಿಮೆ' ಅಂತ ಉತ್ತರ ಬಂತು. ಯೂರಿಯಾ ಹಾಕಿದರು. ದೀಪಾವಳಿ ಹೊತ್ತಿಗೆ ಎಲೆಯೆಲ್ಲ ಉದುರಿ ಬರೀ ರೆಂಬೆ ಉಳಿಯಿತು. ಇದ್ದದ್ದು ಎಲೆ ತುಕ್ಕು ರೋಗ.

1. ಆ್ಯಪ್ ಹಾಕಿಕೊಳ್ಳಿ. ಮನೆಯ ಮಕ್ಕಳು ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ.

2. ಫೋಟೊ ತೆಗೆಯಿರಿ. ಎಲ್ಲರೂ ಎಡವುವುದು ಇಲ್ಲೇ. ರಸ್ತೆಯಲ್ಲಿ ನಿಂತು ಇಡೀ ಗಿಡದ ಫೋಟೊ ತೆಗೆದರೆ ಏನೂ ಪ್ರಯೋಜನವಿಲ್ಲ. ತುಕ್ಕು ಇರುವುದು ಎಲೆಯ ಅಡಿಯಲ್ಲಿ. ಮೇಲಿಂದ ಬರೀ ಹಳದಿ ಮಚ್ಚೆ ಕಾಣುತ್ತದೆ. ಎಲೆ ಮಗುಚಿ, ಬೆರಳಿನಿಂದ ಮೆಲ್ಲಗೆ ಒರೆಸಿ. ಕಿತ್ತಳೆ ಬಣ್ಣದ ಪುಡಿ ಹತ್ತಿತಾ? ಆ ಬೆರಳಿನ ಫೋಟೊವನ್ನೂ ಕಳಿಸಿ.

ಒರೆಸದ ಇನ್ನೊಂದು ಎಲೆ ಕಿತ್ತು, ನೀರು ಕೊಡವಿ, ಬಿಳಿ ಕಾಗದದ ಮೇಲೆ ಬೋರಲಾಗಿ ಇಡಿ. ನೆರಳಲ್ಲಿ ತೆಗೆಯಿರಿ, ಫ್ಲ್ಯಾಶ್ ಬೇಡ. ಬಣ್ಣ ಬದಲಿಸುವ ಫಿಲ್ಟರ್ ಖಂಡಿತ ಬೇಡ. ಫೋನಿಗೆ ಸಿಕ್ಕಿಸುವ ಅಗ್ಗದ ಲೆನ್ಸ್ ಕೊಳ್ಳಬೇಡಿ, ಅಂಚೆಲ್ಲ ಮಸುಕಾಗುತ್ತದೆ. ಗಿಡವೇ ಬಾಡುತ್ತಿದ್ದರೆ ಕಾಂಡವನ್ನು ತೋರಿಸಿ. ಬಿಳಿ ಕಾಂಡಕೊರಕ ಹುಳು ಹೊಕ್ಕಿದ್ದರೆ ಅಲ್ಲಿ ಉಬ್ಬಿದ ಏಣು ಕಾಣುತ್ತದೆ.

3. ಪ್ರಶ್ನೆ ಕೇಳಿ. ಸುಮ್ನೆ 'ಕೊಳೆರೋಗಕ್ಕೆ ಏನು ಹೊಡೀಬೇಕು' ಅನ್ನಬೇಡಿ. ನಮ್ಮಲ್ಲಿ ಅಡಿಕೆಗೂ ಕೊಳೆರೋಗ, ಕಾಫಿಗೂ ಕೊಳೆರೋಗ. ಹೆಸರು ಒಂದೇ, ರೋಗಾಣು ಬೇರೆ ಬೇರೆ. ಕಾಫಿಯದಾದರೆ ಕಪ್ಪಾದ ಎಲೆ ಕಳಚಿಕೊಂಡರೂ ಶಿಲೀಂಧ್ರದ ಎಳೆ ಹಿಡಿದು ರೆಂಬೆಗೆ ಜೋತಾಡುತ್ತದೆ. ಅದನ್ನೂ ಹೇಳಿ. 'ಅರೇಬಿಕಾ, ಚಿಕ್ಕಮಗಳೂರು, ಮರದ ನೆರಳಿನ ತೋಟ' ಅಂತ ಸೇರಿಸಿ. ಎಐ ಓದಿರುವುದು ಜಾಸ್ತಿ ಇಂಗ್ಲಿಷ್ ಬರಹ. ಬ್ರೆಜಿಲ್‌ನಲ್ಲಿ ಕಾಫಿ ಬೆಳೆಯುವುದು ಹೆಚ್ಚಾಗಿ ಬಯಲು ಬಿಸಿಲಲ್ಲಿ. ಅಲ್ಲಿನ ಸಲಹೆ ಸಿಲ್ವರ್ ಓಕ್ ಅಡಿಯ ಗಿಡಕ್ಕೆ ಹೊಂದುವುದಿಲ್ಲ, ಅಲ್ವಾ?

ಮಾತಾಡಿ ಕೇಳಿದರೆ, ಅದು ಏನು ಬರೆದುಕೊಂಡಿದೆ ಅಂತ ಓದಿ ನೋಡಿಯೇ ಕಳಿಸಿ.

4. ಔಷಧಿಯ ಅಳತೆಯನ್ನು ಎಐಯಿಂದ ತೆಗೆದುಕೊಳ್ಳಲೇಬೇಡಿ. ಕಾಫಿಯ ತುಕ್ಕಿಗೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ನೀರಲ್ಲಿ ಕಲಸಿದ್ದು) ಶೇ 0.5, ಅಂದರೆ 200 ಲೀಟರಿಗೆ 1 ಕೆ.ಜಿ. ಮೈಲುತುತ್ತ. ಅಡಿಕೆ ಕೊಳೆಗೆ ಶೇ 1, ಅಷ್ಟೇ ಮೈಲುತುತ್ತ 100 ಲೀಟರಿಗೆ. ಅಡಿಕೆಯ ಅಳತೆಯನ್ನು ಎಐ ಕಾಫಿಗೆ ಹೇಳಿಬಿಟ್ಟರೆ ಔಷಧಿ ದುಪ್ಪಟ್ಟಾಗುತ್ತದೆ. 1925ರಿಂದ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಕೇಳಿ. ಇಲ್ಲವೇ ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ದ್ರಾವಣ ಕಲಸಿದ ಮೇಲೆ ತೊಳೆದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ಹತ್ತಿದ್ದರೆ ಇನ್ನಷ್ಟು ಸುಣ್ಣದ ತಿಳಿ ಹಾಕಿ.