ಕುದುರೆಮುಖಕ್ಕೆ ಹೊರಡುವ ಮುನ್ನ: ಅನುಮತಿ, ಋತು ಮತ್ತು ಹಾದಿಯ ಆಯ್ಕೆ

ಕುದುರೆಮುಖಕ್ಕೆ ಹೋಗಬೇಕೆನ್ನುವವರು ಸಾಮಾನ್ಯವಾಗಿ ಮೊದಲು ರಜೆ ಹಾಕುತ್ತಾರೆ, ಆಮೇಲೆ ಹೋಂಸ್ಟೇ ಗೊತ್ತುಮಾಡುತ್ತಾರೆ, ಕೊನೆಗೆ ಅರಣ್ಯ ಇಲಾಖೆಯ ಅನುಮತಿಯ ಕಡೆ ಗಮನ ಕೊಡುತ್ತಾರೆ. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಅರ್ಧ ತೊಂದರೆ ತಪ್ಪುತ್ತದೆ. ಅನುಮತಿ ಸಿಗುವ ದಿನ ಯಾವುದೆಂದು ಮೊದಲು ನೋಡಿಕೊಂಡು, ಅದಕ್ಕೆ ತಕ್ಕಂತೆ ರಜೆ, ವಸತಿ, ಬಸ್ಸು ಎಲ್ಲವನ್ನೂ ಹೊಂದಿಸಿಕೊಳ್ಳುವುದು ಇಲ್ಲಿ ನಡೆಯುವ ದಾರಿ.

ಇದಕ್ಕೆ ಕಾರಣ ಕಾನೂನಿನಲ್ಲಿಯೇ ಇದೆ. ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಅಂಚುಗಳಲ್ಲಿ ಸುಮಾರು 600 ಚದರ ಕಿಲೋಮೀಟರ್ ಹರಡಿರುವ ಈ ಪ್ರದೇಶವನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂತಹ ಉದ್ಯಾನದೊಳಗೆ ಪ್ರವಾಸಿಗರು ಕಾಲಿಡಬೇಕಾದರೆ ಇಲಾಖೆಯ ಅನುಮತಿ ಬೇಕೇ ಬೇಕು. ಘೋಷಣೆಗೆ ಹಿನ್ನೆಲೆಯಾಗಿದ್ದುದು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1983–84ರಲ್ಲಿ ನಡೆಸಿದ ಸಿಂಗಳೀಕಗಳ ಸಮೀಕ್ಷೆ. ಉದ್ಯಾನದ ನಡುವೆಯೇ ಇದ್ದ ಕಬ್ಬಿಣದ ಅದಿರಿನ ಗಣಿಗಾರಿಕೆ ಮಾತ್ರ ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಯಲ್ಲಿ ನಿಂತಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿ ಇತ್ತು. ಇಷ್ಟು ಹೋರಾಡಿ ಉಳಿಸಿಕೊಂಡ ಜಾಗಕ್ಕೆ ಕಾವಲು ಬಿಗಿಯಾಗಿರುವುದರಲ್ಲಿ ಅಚ್ಚರಿಯಿಲ್ಲ. ಚೆಕ್‌ಪೋಸ್ಟಿನಲ್ಲಿ ಗಾರ್ಡ್ ಚೀಲ ಬಿಚ್ಚಿಸಿದಾಗ ಸಿಡುಕುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಅನುಮತಿ ಪಡೆಯುವ ವಿಧಾನ ಈಚಿನ ವರ್ಷಗಳಲ್ಲಿ ಬದಲಾಗಿದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಪುಷ್ಪಗಿರಿ ವನ್ಯಧಾಮದ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಸರ್ಕಾರ ಚಾರಣಗಳಿಗೆ ಕಡಿವಾಣ ಹಾಕಿತು. ಆನ್‌ಲೈನ್ ಬುಕಿಂಗ್ ಕಡ್ಡಾಯವಾಯಿತು, ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಬಂತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಹಾದಿ ಮತ್ತು ದಿನಾಂಕವನ್ನು ಆರಿಸಿ, ತಂಡದ ಪ್ರತಿಯೊಬ್ಬರ ಹೆಸರು ಮತ್ತು ಗುರುತಿನ ಚೀಟಿಯ ವಿವರ ಕೊಟ್ಟು, ಶುಲ್ಕ ಕಟ್ಟಬೇಕು. ಶುಲ್ಕ ಕಾಲಕಾಲಕ್ಕೆ ಪರಿಷ್ಕಾರವಾಗುವುದರಿಂದ ಹಳೆಯ ಲೇಖನಗಳಲ್ಲಿರುವ ಮೊತ್ತವನ್ನು ನಂಬದೆ ಜಾಲತಾಣದಲ್ಲಿ ಕಾಣುವುದನ್ನೇ ಲೆಕ್ಕಕ್ಕೆ ಹಿಡಿಯಿರಿ. ಹೆಸರು ಗುರುತಿನ ಚೀಟಿಯಲ್ಲಿ ಇರುವಂತೆಯೇ ಇರಲಿ, ಏಕೆಂದರೆ ಹಾದಿಯ ಬಾಯಲ್ಲಿ ಎರಡನ್ನೂ ಹೋಲಿಸಿ ನೋಡುತ್ತಾರೆ. ಕೊನೆಯ ಗಳಿಗೆಯಲ್ಲಿ ಒಬ್ಬರ ಬದಲು ಇನ್ನೊಬ್ಬರನ್ನು ಕರೆದೊಯ್ಯುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಶನಿವಾರ, ಭಾನುವಾರಗಳ ಟಿಕೆಟ್ಟುಗಳು ಬಹು ಬೇಗ ಮುಗಿಯುತ್ತವೆ. ಮಂಗಳವಾರವೋ ಬುಧವಾರವೋ ಹೋಗಲು ಸಾಧ್ಯವಿದ್ದವರಿಗೆ ಟಿಕೆಟ್ಟೂ ಸುಲಭ, ಹಾದಿಯಲ್ಲಿ ಮೌನವೂ ಸಿಗುತ್ತದೆ. ಹೋಂಸ್ಟೇಯವರು ‘ಪರ್ಮಿಶನ್ ನಾವೇ ಮಾಡಿಸಿಕೊಡುತ್ತೇವೆ’ ಎಂದರೆ, ಟಿಕೆಟ್ಟಿನ ಪ್ರತಿ ನಿಮ್ಮ ಕೈಸೇರುವವರೆಗೂ ಮುಂಗಡ ಹಣ ಕೊಡಬೇಡಿ.

ಇನ್ನು ಋತುವಿನ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವುದು ಬಯಲುಸೀಮೆಯವರು ಊಹಿಸಲಾರದ ಮಳೆ. ಗುಡ್ಡಗಳು ಹಸಿರಾಗಿರುತ್ತವೆ ನಿಜ, ಆದರೆ ಶಿಖರದಲ್ಲಿ ಮಂಜು ಬಿಟ್ಟು ಬೇರೇನೂ ಕಾಣದೆ ಮರಳುವ ದಿನಗಳೇ ಹೆಚ್ಚು. ಹಾದಿಗೆ ಅಡ್ಡವಾಗಿರುವ ಹಳ್ಳಗಳು ಬೆಳಗ್ಗೆ ಮೊಣಕಾಲುದ್ದ ಇದ್ದದ್ದು ಮಧ್ಯಾಹ್ನಕ್ಕೆ ಎದೆಮಟ್ಟ ಬರಬಹುದು. ಮಳೆ ಜೋರಾದರೆ ಇಲಾಖೆಯೇ ಚಾರಣವನ್ನು ನಿಲ್ಲಿಸುತ್ತದೆ. ಫೆಬ್ರವರಿಯ ನಂತರ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಶುರುವಾಗುವುದರಿಂದ ಬೇಸಿಗೆಯಲ್ಲೂ ಹಾದಿಗಳನ್ನು ಮುಚ್ಚುವುದುಂಟು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಸಿಡಿಲಿನ ಮಳೆ ಇನ್ನೊಂದು ಅಪಾಯ, ಏಕೆಂದರೆ ಬೋಳು ಹುಲ್ಲುಗಾವಲಿನ ಏಣಿನಲ್ಲಿ ಮನುಷ್ಯನಿಗಿಂತ ಎತ್ತರದ ವಸ್ತು ಇರುವುದೇ ಅಪರೂಪ. ಇದನ್ನೆಲ್ಲ ಕಳೆದರೆ ಉಳಿಯುವುದು ಅಕ್ಟೋಬರ್ ನಡುವಿನಿಂದ ಜನವರಿಯವರೆಗಿನ ಅವಧಿ. ಮೊದಲ ಸಲ ಹೋಗುವವರಿಗೆ ನವೆಂಬರ್ ಅತ್ಯುತ್ತಮ ಎಂಬುದು ನನ್ನ ಅಭಿಪ್ರಾಯ: ಹುಲ್ಲಿನಲ್ಲಿ ಹಸಿರು ಇನ್ನೂ ಉಳಿದಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಆಕಾಶ ತಿಳಿಯಾಗಿರುತ್ತದೆ.

ಯಾವ ಹಾದಿ ಎಂಬುದನ್ನು ತಂಡದಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರನ್ನು ನೋಡಿ ನಿರ್ಧರಿಸಬೇಕು. ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಶಿಖರಕ್ಕೆ ಮುಳ್ಳೋಡಿ ಎಂಬ ಹಳ್ಳಿಯಿಂದ ಹೋಗಿಬರಲು 20 ಕಿಲೋಮೀಟರಿಗೂ ಮೀರಿ ನಡೆಯಬೇಕು. ಕಾಡೊಳಗೆ ರಾತ್ರಿ ತಂಗಲು ಅವಕಾಶವಿಲ್ಲದ್ದರಿಂದ ಇಡೀ ದೂರವನ್ನು ಒಂದೇ ಹಗಲಿನಲ್ಲಿ ಮುಗಿಸಬೇಕಾಗುತ್ತದೆ. ಒಂಟಿಮರ ಎಂಬ ಜಾಗದವರೆಗೆ ಹಾದಿ ತಕ್ಕಮಟ್ಟಿಗೆ ಸಲೀಸು. ಅಲ್ಲಿಂದ ಮುಂದೆ ಏರು ಬಿಟ್ಟೂ ಬಿಟ್ಟೂ ಬರುತ್ತದೆ. ಕೊನೆಯ ಏರು ದಣಿದ ಕಾಲುಗಳನ್ನು ಚೆನ್ನಾಗಿಯೇ ಪರೀಕ್ಷಿಸುತ್ತದೆ, ಆದರೆ ಬಹುಪಾಲು ಜನ ನರಳುವುದು ಏರುವಾಗಲ್ಲ, ಮಧ್ಯಾಹ್ನದ ನಂತರ ಮೊಣಕಾಲು ಸೋತು ಇಳಿಯುವಾಗ. ವಾರದಲ್ಲಿ ಎಂದೂ ಹತ್ತು ಕಿಲೋಮೀಟರ್ ನಡೆಯದವರು ಹೊರಡುವುದಕ್ಕೆ ಒಂದು ತಿಂಗಳ ಮೊದಲೇ ಮೆಟ್ಟಿಲು ಹತ್ತಿ ಇಳಿಯುವ ಅಭ್ಯಾಸ ಆರಂಭಿಸಲಿ. ಮಕ್ಕಳು, ಹಿರಿಯರು ಜೊತೆಗಿದ್ದರೆ ಕುರಿಂಜಾಲು ಅಥವಾ ಗಂಗಡಿಕಲ್ಲು ಶಿಖರಗಳನ್ನು ಆರಿಸಿಕೊಳ್ಳಿ. ಇವು ದೂರದಲ್ಲಿ ಕಡಿಮೆ, ನೋಟದಲ್ಲಿ ಕಡಿಮೆಯೇನಲ್ಲ. ಶೃಂಗೇರಿಗೆ ಬರುವವರಿಗೆ ಕಿಗ್ಗದ ಕಡೆಯ ನರಸಿಂಹ ಪರ್ವತವೂ ಇದೆ. ಚಾರಣವೇ ಬೇಡವೆನ್ನುವವರು ಕಾರ್ಕಳ–ಕುದುರೆಮುಖ ರಸ್ತೆಯ ಹನುಮನಗುಂಡಿ ಜಲಪಾತ ನೋಡಿ ಬರಬಹುದು.

ಶಿಖರಕ್ಕೆ ಹೋಗುವವರು ಹಿಂದಿನ ರಾತ್ರಿಯೇ ಕಳಸ, ಸಂಸೆ ಅಥವಾ ಮುಳ್ಳೋಡಿಯಲ್ಲಿ ಉಳಿಯುವುದು ಸೂಕ್ತ. ಬೆಂಗಳೂರಿನಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಕಳಸಕ್ಕೆ, ಹೊರನಾಡಿಗೆ ರಾತ್ರಿ ಬಸ್ಸುಗಳಿವೆ. ಆದರೆ ರಾತ್ರಿಯಿಡೀ ಘಾಟಿಯ ತಿರುವುಗಳಲ್ಲಿ ನಿದ್ದೆಗೆಟ್ಟು ಬಂದು, ಬೆಳಗ್ಗೆಯೇ ಇಷ್ಟು ದೂರ ನಡೆಯಲು ಹೊರಡುವುದು ಜಾಣತನವಲ್ಲ. ಬಾಳೆಗಲ್‌ನಿಂದ ಮುಳ್ಳೋಡಿಗೆ ಹೋಗುವ ಮಣ್ಣುದಾರಿಯಲ್ಲಿ ಸಾಧಾರಣ ಕಾರು ಸಾಗದು, ಊರಿನವರ ಜೀಪನ್ನೇ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮಂಗಳೂರಿನ ಕಡೆಯಿಂದ ಬರುವ ರಸ್ತೆ ಉದ್ಯಾನದ ಒಳಗೇ ಹಾದುಹೋಗುತ್ತದೆ. ಚೆಕ್‌ಪೋಸ್ಟಿನಲ್ಲಿ ವಾಹನ ಒಳಹೊಕ್ಕ ಸಮಯ ಬರೆದ ಚೀಟಿ ಕೊಟ್ಟರೆ ಅದನ್ನು ಜೋಪಾನವಾಗಿಟ್ಟುಕೊಂಡು, ನಡುವೆ ಕಂಡಕಂಡಲ್ಲಿ ಗಾಡಿ ನಿಲ್ಲಿಸದೆ ಆಚೆ ಗೇಟು ತಲುಪಬೇಕು. ಇಂಧನವನ್ನು ಕಳಸದಲ್ಲಿ ಅಥವಾ ಕಾರ್ಕಳದಲ್ಲಿ ತುಂಬಿಸಿ, ನಗದನ್ನೂ ಅಲ್ಲಿಯೇ ತೆಗೆದಿಟ್ಟುಕೊಳ್ಳಿ. ಮೊಬೈಲ್ ಸಿಗ್ನಲ್ ಹೆಚ್ಚಿನ ಕಡೆ ಸಿಗದ ಕಾರಣ ಟಿಕೆಟ್ಟನ್ನು ಕಾಗದದಲ್ಲಿ ಮುದ್ರಿಸಿಕೊಳ್ಳಬೇಕು, ಎಷ್ಟು ಹೊತ್ತಿಗೆ ಮರಳುತ್ತೀರೆಂದು ಮನೆಯವರಿಗೆ ಮೊದಲೇ ತಿಳಿಸಿರಬೇಕು.

ಚೀಲ ಹಗುರವಾಗಿರಲಿ. ಎರಡು ಲೀಟರ್ ನೀರು ಹಿಡಿಯುವ ಸ್ಟೀಲ್ ಬಾಟಲಿಗಳು, ಹೋಂಸ್ಟೇಯವರು ಕಟ್ಟಿಕೊಡುವ ಬುತ್ತಿ, ರೇನ್‌ಕೋಟು, ಟಾರ್ಚು, ಒಂದು ಜೊತೆ ಒಣ ಸಾಕ್ಸು, ದಿನವೂ ನುಂಗುವ ಮಾತ್ರೆಗಳು. ಬೂಟಿನ ತಳ ಹಿಡಿತವಿರುವಂಥದ್ದಾಗಿರಬೇಕು, ಹೊಸದಾಗಿರಬಾರದು. ಬಿಸಾಡುವ ಪ್ಲಾಸ್ಟಿಕ್, ಮದ್ಯ, ಸಿಗರೇಟು, ಬೆಂಕಿಪೊಟ್ಟಣಗಳನ್ನು ಹಿಂದೆಯೇ ಬಿಟ್ಟು ಬನ್ನಿ.

ಮಳೆಗಾಲದಲ್ಲಿಯೂ ಅದರ ಬೆನ್ನಿಗೂ ಹೋಗುವವರಿಗೆ ಇಂಬಳದ (ರಕ್ತ ಹೀರುವ ಜಿಗಣೆಯ) ಕಾಟ ತಪ್ಪಿದ್ದಲ್ಲ. ಪ್ಯಾಂಟಿನ ತುದಿಯನ್ನು ಉದ್ದ ಸಾಕ್ಸಿನೊಳಗೆ ತುರುಕಿ, ಸಾಕ್ಸಿಗೆ ಮಲೆನಾಡಿನವರಂತೆ ಸುಣ್ಣ ಬೆರೆಸಿದ ಹೊಗೆಸೊಪ್ಪಿನ ನೀರು ಹಚ್ಚಿಕೊಂಡರೆ ಸಾಕಷ್ಟು ರಕ್ಷಣೆ ಸಿಗುತ್ತದೆ. ಹತ್ತಿದ ಇಂಬಳವನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ಬಿಡುವ ರಸದಿಂದಾಗಿ ಗಾಯ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಹಾದಿಯಲ್ಲಿ ಗೈಡ್ ಹೇಳಿದ ಮಾತು ಮೀರಬಾರದು. ತಂಡ ಚೆದರದೆ ನಡೆಯಬೇಕು, ಸ್ಪೀಕರಿನಲ್ಲಿ ಹಾಡು ಹಾಕಬಾರದು. ಕಾಟಿ (ಕಾಡುಕೋಣ) ಎದುರಾದರೆ ಅಲ್ಲಿಯೇ ನಿಂತು, ಅದು ದಾಟಿಹೋಗಲು ದಾರಿ ಬಿಟ್ಟು ಹಿಂದೆ ಸರಿಯಬೇಕು. ಫೋಟೊಗಾಗಿ ಹತ್ತಿರ ಹೋಗುವುದು ಅಪಾಯವನ್ನು ಕೈಬೀಸಿ ಕರೆದಂತೆ. ತಿರುವುಗಳಲ್ಲಿ ಹುಲ್ಲಿನ ಮೇಲೆ ಅಡ್ಡದಾರಿ ಹಿಡಿಯುವುದನ್ನೂ ಬಿಡಬೇಕು. ಇಲ್ಲಿ ಗುಡ್ಡದ ನೆತ್ತಿಯ ಹುಲ್ಲು ಮತ್ತು ಕಣಿವೆಯ ಮಡಿಲಿನ ಶೋಲಾ ಕಾಡು ಸೇರಿ ಮಳೆನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ, ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವುದು ಈ ಸಾಲಿನಲ್ಲಿಯೇ. ನೂರಾರು ಬೂಟುಗಳು ತುಳಿದು ಹುಲ್ಲು ಹೋದ ಅಡ್ಡದಾರಿ ಒಂದೆರಡು ಮಳೆಗಾಲದಲ್ಲಿ ಕೊರಕಲಾಗುತ್ತದೆ, ಮಣ್ಣು ಹಳ್ಳ ಸೇರುತ್ತದೆ. ಮಧ್ಯಾಹ್ನ ಹಿಂತಿರುಗಲು ಗೈಡ್ ಗೊತ್ತುಮಾಡಿದ ಹೊತ್ತು ಬಂದಾಗ ಶಿಖರ ಇನ್ನೂ ಅರ್ಧ ಗಂಟೆ ದೂರವಿದ್ದರೂ ಹಿಂದಿರುಗಬೇಕು.

ಮರಳಿದ ಮೇಲೆ ಒಂದು ಕೆಲಸವಿದೆ. ಮಲೆನಾಡಿನ ಕಾಡುಗಳಲ್ಲಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ರಕ್ತ ಹೀರುವ ಉಣುಗುಗಳ ಮೂಲಕ ಮಂಗನ ಕಾಯಿಲೆ ಹರಡುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಹೋಗುವವರು ಉಣುಗುಗಳನ್ನು ದೂರವಿಡಲು ಆರೋಗ್ಯ ಇಲಾಖೆಯವರು ಹಂಚುವ ಡಿಇಪಿಎ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಕಾಡಿಗಿಳಿಯಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೈಡ್‌ಗೆ ತಿಳಿಸಬೇಕು. ವಸತಿಗೆ ಮರಳಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಕಂಕುಳು, ಮೊಣಕಾಲಿನ ಹಿಂಭಾಗ, ಕಿವಿಯ ಸಂದಿನಲ್ಲಿ ಉಣುಗು ಅಂಟಿದೆಯೇ ಎಂದು ನೋಡಿಕೊಂಡು, ಬಟ್ಟೆಗಳನ್ನು ಬಿಸಿನೀರಿಗೇ ಹಾಕಿ. ಊರಿಗೆ ಬಂದ ಒಂದೆರಡು ವಾರದೊಳಗೆ ಚಳಿಜ್ವರ, ಜೋರು ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ ಅಂಗಡಿಯ ಮಾತ್ರೆಯಲ್ಲಿ ದಿನ ದೂಡದೆ ವೈದ್ಯರ ಬಳಿ ಹೋಗಿ, ಯಾವ ದಿನ ಯಾವ ಕಾಡಿನಲ್ಲಿ ನಡೆದಿದ್ದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.