‘ವೀಲ್‌ಚೇರ್ ಬೇಕು’ ಅಂದರೆ ಸಾಲದು

ಕಾಳುಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದವನು ನಾನು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ತಪಾಸಣೆಗೆ ಶಿರಸಿಯಿಂದ ಬೆಂಗಳೂರಿಗೆ ಕಾರಿನಲ್ಲಿ ಹೋದರೆ ರಾತ್ರಿಯಿಡೀ ಕೂತಿರಬೇಕು. ಕೂತಲ್ಲೇ ಕೂತರೆ ನಮ್ಮಂಥವರಿಗೆ ಹುಣ್ಣಾಗುತ್ತದೆ, ಆದರೂ ಗೊತ್ತೇ ಆಗುವುದಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ವಿಮಾನ ಹತ್ತುವುದು ಶೋಕಿಗಲ್ಲ.

ಮೊದಲ ಸಲ ಹತ್ತಿದ್ದು ಬೇರೊಂದು ಊರಿಂದ. ಟಿಕೆಟ್ ಮಾಡುವಾಗ ‘ವೀಲ್‌ಚೇರ್ ಬೇಕು’ ಅಂತಷ್ಟೇ ಹೇಳಿದ್ದೆ. ವಿಮಾನದ ಬುಡಕ್ಕೆ ಹೋದ ಮೇಲೆ ಸಿಬ್ಬಂದಿ, ‘ಸರ್, ನಾಲ್ಕೈದು ಮೆಟ್ಟಿಲು ಹತ್ತುತ್ತೀರಲ್ವಾ?’ ಅಂದರು. ಕೊನೆಗೆ ಇಬ್ಬರು ಕಂಕುಳಿಗೆ ಕೈ ಹಾಕಿದರು, ಒಬ್ಬರು ಕಾಲು ಹಿಡಿದರು. ಅಡಿಕೆ ಮೂಟೆಯನ್ನು ಲಾರಿಗೆ ಏರಿಸಿದ ಹಾಗೆ ಏರಿಸಿದರು. ಪ್ಯಾಂಟು ಅರ್ಧ ಜಾರಿತ್ತು. ಸಾಲಲ್ಲಿ ನಿಂತವರೆಲ್ಲ ನೋಡಿದರು.

ಆಮೇಲೆ ಗೊತ್ತಾಯಿತು, ಅವರ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಡಬ್ಲ್ಯುಸಿಎಚ್‌ಆರ್ ಅಂತಿತ್ತು. ಅಂದರೆ ದೂರ ನಡೆಯಲು ಆಗದು, ಮೆಟ್ಟಿಲು ಹತ್ತಬಲ್ಲರು. ಕೊನೆಯ ಅಕ್ಷರ ‘ಎಸ್’ ಆದರೆ ಮೆಟ್ಟಿಲೂ ಆಗದು, ಒಳಗೆ ನಾಲ್ಕು ಹೆಜ್ಜೆ ಇಟ್ಟಾರು. ‘ಸಿ’ ಅಂದರೆ ಸೀಟಿನವರೆಗೂ ಕರೆದೊಯ್ಯಬೇಕು. ನಾನು ‘ಸಿ’. ಅದನ್ನು ನೋಡಿದರೇ ಅವರು ರ‍್ಯಾಂಪ್ ಅಥವಾ ಎತ್ತುವ ಗಾಡಿ, ಒಳಗಿನ ಓಣಿಯಲ್ಲಿ ತೂರುವ ಕಿರಿದಾದ ಕುರ್ಚಿ ಎಲ್ಲ ತರಿಸುವುದು. ವಿಮಾನಯಾನದ ಮೇಲ್ವಿಚಾರಣೆ ನೋಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮದಂತೆ 48 ಗಂಟೆ ಮೊದಲು ವಿಮಾನ ಕಂಪನಿಗೆ ತಿಳಿಸಬೇಕು. ನಾನು ಟಿಕೆಟ್ ಆದ ದಿನವೇ ಫೋನ್ ಮಾಡುತ್ತೇನೆ, ಹಿಂದಿನ ದಿನ ಮತ್ತೊಮ್ಮೆ. ಪೀಡೆ ಅನ್ನಿಸಿಕೊಂಡರೂ ಚಿಂತೆಯಿಲ್ಲ.

ಕೌಂಟರಿನಲ್ಲಿ ‘ನಿಮ್ಮ ಕುರ್ಚಿ ಲಗೇಜಿಗೆ ಹಾಕಿ, ನಮ್ಮದರಲ್ಲಿ ಕೂರಿ’ ಅನ್ನುತ್ತಾರೆ. ಒಪ್ಪಬೇಡಿ. ಆ ದೊಡ್ಡ ಕುರ್ಚಿಯನ್ನು ಬೇರೆಯವರು ನೂಕಬೇಕು, ನೀರು ಕುಡಿಯಬೇಕೆಂದರೂ ಇನ್ನೊಬ್ಬರನ್ನು ಕರೆಯಬೇಕು. ವಿಮಾನದ ಬಾಗಿಲವರೆಗೆ ನನ್ನದರಲ್ಲೇ ಬರುತ್ತೇನೆ, ಇಳಿದಾಗ ಬಾಗಿಲಲ್ಲೇ ವಾಪಸ್ ಬೇಕು ಅಂತ ಕೇಳಿ, ಕುರ್ಚಿಗೆ ಟ್ಯಾಗ್ ಹಾಕಿಸಿ. ಫುಟ್‌ರೆಸ್ಟ್, ಕುಶನ್ ಕಳಚಿ ಕೈಯಲ್ಲಿಟ್ಟುಕೊಳ್ಳುತ್ತೇನೆ. ಒಮ್ಮೆ ಒಂದೇ ಫುಟ್‌ರೆಸ್ಟ್ ವಾಪಸ್ ಬಂದಿತ್ತು. ಕುಶನ್ ವಿಮಾನದ ಸೀಟಿನ ಮೇಲೆ ಹಾಕಿಕೊಳ್ಳಲು. ಗಾಳಿ ತುಂಬಿದ್ದಾದರೆ ಮೇಲೆ ಹೋದಂತೆ ಉಬ್ಬುತ್ತದೆ, ಸ್ವಲ್ಪ ಗಾಳಿ ಬಿಡಿ.

ಇನ್ನೊಂದು ಗುಟ್ಟು. ಓಣಿ ಕಡೆಯ ಆರ್ಮ್‌ರೆಸ್ಟ್ ಮೇಲೇಳುವುದಿಲ್ಲ ಅಂತ ಸಿಬ್ಬಂದಿಯೇ ಹೇಳುವುದುಂಟು. ಬಹಳಷ್ಟು ಸೀಟುಗಳಲ್ಲಿ ಅದರ ಬುಡದ ಅಡಿಯಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ. ಒತ್ತಿದರೆ ಏಳುತ್ತದೆ. ಮೈಯನ್ನು ಅದರ ಮೇಲಿಂದ ದಾಟಿಸುವ ಕಷ್ಟ ತಪ್ಪಿತು. ಎಟಿಆರ್ ಅನ್ನುವ ಪಂಖದ ಸಣ್ಣ ವಿಮಾನವಾದರೆ ಬಾಗಿಲು ಹಿಂಬದಿಗೆ, ಹಾಗಾಗಿ ಹಿಂದಿನ ಸಾಲು ಕೇಳಿ.

ಮುಜುಗರದ ವಿಷಯವನ್ನೂ ಹೇಳಿಬಿಡುತ್ತೇನೆ. ಸಣ್ಣ ವಿಮಾನದ ಶೌಚಾಲಯ ನಮ್ಮ ಪಾಲಿಗೆ ಇಲ್ಲ ಅಂತಲೇ ತಿಳಿಯಿರಿ. ಮೊದಲೆಲ್ಲ ಬೆಳಗಿನಿಂದ ನೀರೇ ಕುಡಿಯದೆ ಹೋಗುತ್ತಿದ್ದೆ. ಮೂತ್ರದ ಸೋಂಕಾಗಿ ಮಲಗಿದ ಮೇಲೆ ಬುದ್ಧಿ ಬಂತು. ಈಗ ಕಾಲಿಗೆ ಚೀಲ ಕಟ್ಟಿಕೊಂಡು, ಹತ್ತುವ ಮೊದಲು ಖಾಲಿ ಮಾಡುತ್ತೇನೆ. ಸೆಕ್ಯುರಿಟಿಯವರು ಮುಟ್ಟುವ ಮೊದಲೇ ‘ಇಲ್ಲಿ ಮೂತ್ರದ ಚೀಲ ಇದೆ, ಬೇಕಾದರೆ ಮರೆಯಲ್ಲಿ ನೋಡಿ’ ಅನ್ನುತ್ತೇನೆ. ಯಾರೂ ಒರಟಾಗಿ ಮಾತಾಡಿದ್ದಿಲ್ಲ.

ಕಾರವಾರದ ಗೆಳೆಯನೊಬ್ಬ ಗೋವಾದಿಂದ ದೆಹಲಿಗೆ ಹೊರಟಿದ್ದಾನೆ. ಅವನದು ಬ್ಯಾಟರಿ ಕುರ್ಚಿ. ಕಳಚಲು ಬರುವ ಲಿಥಿಯಂ ಬ್ಯಾಟರಿಗೆ ಮಿತಿ 300 ವಾಟ್ ಅವರ್, ಅದನ್ನು ಕೈಯಲ್ಲೇ ಒಯ್ಯಬೇಕು. ಅವನದು 24 ವೋಲ್ಟ್, 12 ಆಂಪಿಯರ್ ಅವರ್. ಗುಣಿಸಿದರೆ 288, ಬಚಾವ್. ಬ್ಯಾಟರಿ ಮೇಲಿನ ಲೇಬಲ್ ಫೋಟೊ ತೆಗೆದು ಮೊದಲೇ ಕಳಿಸು ಅಂದೆ. ‘ಸಮುದ್ರದ ಗಾಳಿಗೆ ಅಕ್ಷರವೇ ಮಾಸಿ ಹೋಗಿದೆ ಮಾರಾಯಾ’ ಅಂದ. ಈಗ ಅಂಗಡಿಯವನ ಹತ್ತಿರ ಹಳೇ ಬಿಲ್ಲು ಹುಡುಕಿಸುತ್ತಿದ್ದಾನೆ.