ರೋಡ್ ಬೈಕಿನ ಟೈರ್: ಕೊಳ್ಳುವ ಮುಂಚೆ ಸಂದು ಅಳೆಯಿರಿ

ಟೈರ್ ಸಣ್ಣಗಿದ್ದಷ್ಟೂ ಸೈಕಲ್ ಜೋರಾಗಿ ಓಡುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಹಿಂದೆ ರೇಸಿನವರು 23 ಎಂಎಂ ಅಗಲದ ಟೈರ್ ಹಾಕುತ್ತಿದ್ದದ್ದು ನಿಜ. ಈಗ ಟೂರ್ ಡಿ ಫ್ರಾನ್ಸ್‌ನಲ್ಲೇ 28 ಎಂಎಂ ಮಾಮೂಲಿಯಾಗಿದೆ. ಒರಟು ರಸ್ತೆಯಲ್ಲಿ ಗಟ್ಟಿಯಾಗಿ ಗಾಳಿ ತುಂಬಿದ ಸಣ್ಣ ಟೈರ್ ಪ್ರತಿ ಕಲ್ಲಿಗೂ ಪುಟಿಯುತ್ತದೆ. ನೀವು ತುಳಿದ ಬಲದಲ್ಲಿ ಒಂದು ಪಾಲು ನಿಮ್ಮನ್ನು ಕುಲುಕುವುದಕ್ಕೇ ಖರ್ಚಾಗುತ್ತದೆ. ಅಗಲ ಟೈರಿಗೆ ಕಡಿಮೆ ಗಾಳಿ ಸಾಕು, ಹಾಗಾಗಿ ಅದು ತಗ್ಗಿ ಕಲ್ಲು ದಾಟಿಕೊಳ್ಳುತ್ತದೆ.

ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಹೋಗುವ ದಾರಿಯನ್ನೇ ನೋಡಿ. ಹೆದ್ದಾರಿ ನುಣ್ಣಗಿದೆ. ಒಳಗೆ ತಿರುಗಿದರೆ ಹಂಪ್, ತೇಪೆ ಹಾಕಿದ ಡಾಂಬರು, ಅಂಚಿನಲ್ಲಿ ಜಲ್ಲಿ. ಇಂಥ ದಾರಿಗೆ ನನ್ನ ಆಯ್ಕೆ 28. ಫ್ರೇಮಿನಲ್ಲಿ ಜಾಗವಿದ್ದು, ಹಳ್ಳಿ ರಸ್ತೆಯಲ್ಲೇ ಜಾಸ್ತಿ ಓಡಾಡುವವರು 32 ಹಾಕಲಿ. ನುಣುಪು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ರೇಸ್ ಮಾಡುವವರಿಗೆ, ಹಳೇ ಕಿರಿದಾದ ರಿಮ್ ಇದ್ದರೆ, 25 ಈಗಲೂ ಸರಿ.

ಮೊದಲು ಈಗಿರುವ ಟೈರಿನ ಪಕ್ಕ ಓದಿ. 700x25C ಅಥವಾ 25-622 ಎಂದು ಅಚ್ಚಾಗಿರುತ್ತದೆ. 25 ಎಂಬುದು ಅಗಲ, 622 ಎಂಬುದು ಟೈರ್ ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ. ಆದರೆ ಅಚ್ಚಾದ ಅಗಲವನ್ನೇ ನಂಬಬೇಡಿ. ಒಳಗಲ 19 ಅಥವಾ 21 ಎಂಎಂ ಇರುವ ರಿಮ್ಮಿನಲ್ಲಿ ಅದೇ ಟೈರ್ ಒಂದೆರಡು ಎಂಎಂ ಜಾಸ್ತಿಯೇ ಉಬ್ಬಬಹುದು. ಗಾಳಿ ತುಂಬಿ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ.

ಮುಂದಿನ ಕೆಲಸ ಟೈರಿಗೂ ಫ್ರೇಮಿಗೂ ನಡುವಿನ ಸಂದು ನೋಡುವುದು. ಇದನ್ನು ಬಿಟ್ಟು ಟೈರ್ ತಂದರೆ ದುಡ್ಡು ದಂಡ. ಅಳೆಯಲು ಅಲೆನ್ ಕೀ (ಆರು ಮೂಲೆಯ ಕೀ) ಸೆಟ್ ಇದ್ದರೆ ಸಾಕು. 25ರಿಂದ 28ಕ್ಕೆ ಹೋದರೆ ಎರಡೂ ಪಕ್ಕಕ್ಕೆ ಒಂದೂವರೆ ಎಂಎಂ, ಮೇಲಕ್ಕೆ ಸುಮಾರು ಮೂರು ಎಂಎಂ ಬೆಳೆಯುತ್ತದೆ. ಹೊಸ ಟೈರ್ ಹಾಕಿದ ಮೇಲೂ ಸುತ್ತ 4 ಎಂಎಂ ಖಾಲಿ ಉಳಿಯಬೇಕು. ಅಂದರೆ ಈಗ ಪಕ್ಕದ ಸಂದಿನಲ್ಲಿ 6 ಎಂಎಂ ಕೀ ಸಲೀಸಾಗಿ ತೂರಬೇಕು, ಮೇಲೆ 7 ಎಂಎಂ ಜಾಗ ಇರಬೇಕು. ಪೆಡಲ್ ಹಿಂದಿನ ಎರಡು ಕೊಳವೆಗಳ ನಡುವೆ, ಮುಂದಿನ ಫೋರ್ಕಿನ ತಲೆಯ ಕೆಳಗೆ, ರಿಮ್ ಬ್ರೇಕ್ ಇದ್ದರೆ ಅದರ ಕೆಳಗೂ ಕೀ ತೂರಿಸಿ ನೋಡಿ. ಚಕ್ರ ತಿರುಗಿಸುತ್ತಾ ನೋಡಿ, ಸ್ವಲ್ಪ ಡೊಂಕಿದ್ದರೆ ಒಂದು ಕಡೆ ಸಂದು ಕಿರಿದಾಗುತ್ತದೆ. ಮಳೆಗಾಲದಲ್ಲಿ ಮಣ್ಣು ಮೆತ್ತಿಕೊಂಡಾಗ ಈ ಜಾಗವೇ ಫ್ರೇಮನ್ನು ಉಳಿಸುವುದು. ಹಳೇ ರಿಮ್ ಬ್ರೇಕ್ ಸೈಕಲ್‌ಗಳಲ್ಲಿ ಎಷ್ಟೋ ಸಲ 25ಕ್ಕೇ ಜಾಗ ಮುಗಿಯುತ್ತದೆ. ಅಲ್ಲಿ ಒತ್ತಾಯ ಮಾಡಬೇಡಿ.

ಹುಕ್ (ಟೈರಿನ ಅಂಚನ್ನು ಹಿಡಿಯುವ ಕೊಕ್ಕೆ) ಇಲ್ಲದ ರಿಮ್ಮಾದರೆ ತಯಾರಕರು ಹೇಳಿದ ಟೈರುಗಳನ್ನಷ್ಟೇ ಹಾಕಿ, ಗಾಳಿಯ ಒತ್ತಡ 72 ಪಿಎಸ್‌ಐ ದಾಟದಿರಲಿ. ಟ್ಯೂಬ್ ಮೇಲೂ ಅಳತೆ ನೋಡಿ: 28ಕ್ಕೆ 25-32 ಎಂದು ಬರೆದದ್ದು ಸರಿಹೋಗುತ್ತದೆ.

ಅಗಲ ಟೈರ್ ಹಾಕಿ ಗಾಳಿ ಮಾತ್ರ ಹಳೇ ಲೆಕ್ಕದಲ್ಲೇ ತುಂಬಿದರೆ ಏನೂ ಲಾಭವಿಲ್ಲ. ಸುಮಾರು 70 ಕೆ.ಜಿ. ತೂಕದವರು ಹಿಂದಿನ ಚಕ್ರಕ್ಕೆ 25ರಲ್ಲಿ 85, 28ರಲ್ಲಿ 70, 32ರಲ್ಲಿ 55 ಪಿಎಸ್‌ಐನಿಂದ ಶುರು ಮಾಡಲಿ. ಮುಂದಕ್ಕೆ ಐದು ಕಡಿಮೆ. ಗುಂಡಿಗೆ ಬಿದ್ದಾಗ ರಿಮ್ ಬಡಿದು ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬಿದ್ದರೆ ಗಾಳಿ ಕಡಿಮೆಯಾಯಿತು ಅಂತ ಅರ್ಥ, ಐದು ಏರಿಸಿ. ಕೈ ಜೋಮು ಹಿಡಿದರೆ ಐದು ಇಳಿಸಿ ನೋಡಿ. ಟೈರ್ ಮತ್ತು ರಿಮ್ ಮೇಲೆ ಬರೆದ ಮಿತಿ ಮಾತ್ರ ಮೀರಬೇಡಿ.

ಚಕ್ರದ ಸುತ್ತಳತೆ ನೋಡಿ ವೇಗ ತೋರಿಸುವ ಮೀಟರ್ ನಿಮ್ಮದಾದರೆ ಅದನ್ನೂ ಬದಲಿಸಿ: 25ಕ್ಕೆ 2105 ಎಂಎಂ ಇದ್ದದ್ದು 28ಕ್ಕೆ 2136 ಆಗುತ್ತದೆ.